ಒಂದು ಬದಿಗೆ ಚುರುಕು, ಇನ್ನೊಂದಕ್ಕೆ ಜಡ: ಹಾಯಿದೋಣಿಯ ದೋಷ ಎಲ್ಲಿ?

ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ಅಂದರೆ ಗಾಳಿ ಬಲಗಡೆಯಿಂದ ಬೀಸುವಾಗ, ದೋಣಿ ಗಾಳಿಗೆದುರಾಗಿ ಚೆನ್ನಾಗಿ ಏರುತ್ತದೆ. ಪೋರ್ಟ್ ಟ್ಯಾಕ್‌ಗೆ ಹೊರಳಿಸಿದ ಕೂಡಲೇ ಮೂತಿ ಗಾಳಿಯಿಂದ ದೂರ ಸರಿಯುತ್ತದೆ, ವೇಗವೂ ಇಳಿಯುತ್ತದೆ. ಸಣ್ಣ ಕೀಲ್ ದೋಣಿಗಳ (ತಳದಿಂದ ನೀರಿಗಿಳಿದ ಭಾರದ ರೆಕ್ಕೆಯಿರುವ ದೋಣಿಗಳ) ಮಾಲೀಕರು ನನ್ನಲ್ಲಿಗೆ ತರುವ ದೂರುಗಳಲ್ಲಿ ಇದೇ ಹೆಚ್ಚು. ದೂರು ಬರುವಷ್ಟರಲ್ಲಿ ಯಾರೋ ಕಂಬದ ತಂತಿಗಳ ಟರ್ನ್‌ಬಕಲ್ (ಬಿಗಿತ ಹೊಂದಿಸುವ ತಿರುಪು) ತಿರುಗಿಸಿಯೂ ಆಗಿರುತ್ತದೆ. ಮೊದಲು ಹೇಗಿತ್ತೆಂಬ ಗುರುತೇ ಉಳಿದಿರುವುದಿಲ್ಲ. ವ್ಯತ್ಯಾಸ ದೋಣಿಯದೇ ಎಂದು ಖಚಿತವಾಗುವವರೆಗೆ ಸ್ಪ್ಯಾನರ್ ಪೆಟ್ಟಿಗೆಯಿಂದ ಹೊರಬರಬಾರದು ಎಂಬುದು ನನ್ನ ಹಟ.

ಗಾಳಿಯೂ ನೀರೂ ಎರಡು ಬದಿಗೆ ಸಮನಾಗಿ ಒದಗುವುದು ಅಪರೂಪ. ನೀರಿನ ಮೇಲ್ಮೈಯ ಘರ್ಷಣೆಯಿಂದಾಗಿ ಕೆಳಗಿನ ಗಾಳಿ ನಿಧಾನ. ಎತ್ತರಕ್ಕೆ ಹೋದಂತೆ ವೇಗ ಹೆಚ್ಚುತ್ತದೆ, ಜೊತೆಗೆ ದಿಕ್ಕೂ ತಿರುಗುತ್ತದೆ. ಉತ್ತರ ಗೋಳಾರ್ಧದಲ್ಲಿ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ದಕ್ಷಿಣದಲ್ಲಿ ಅದಕ್ಕೆ ವಿರುದ್ಧವಾಗಿ. ಉತ್ತರದಲ್ಲಿ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿರುವ ಹಾಯಿಯ ತುದಿಗೆ ಗಾಳಿ ಹೆಚ್ಚು ಪಕ್ಕದಿಂದ ಬರುತ್ತದೆ, ಪೋರ್ಟ್‌ನಲ್ಲಿ ಹೆಚ್ಚು ಮುಂದಿನಿಂದ. ಒಂದೇ ಬಿಗಿತದಲ್ಲಿ ಎಳೆದ ಹಾಯಿ ಎರಡೂ ಕಡೆ ಸರಿಯಾಗಿ ಕೆಲಸ ಮಾಡುವುದು ಆಗ ಸಾಧ್ಯವೇ ಇಲ್ಲ. ಕಂಬದ ತುದಿಯ ಗಾಳಿಸೂಚಿಯನ್ನು ನಂಬಿದವರಿಗೆ ಈ ವ್ಯತ್ಯಾಸ ಇಮ್ಮಡಿಯಾಗಿ ಕಾಣುತ್ತದೆ, ಏಕೆಂದರೆ ಒಂದು ಬದಿಗೆ ಕೂಡಿದ್ದು ಇನ್ನೊಂದು ಬದಿಗೆ ಕಳೆಯುತ್ತದೆ. ಹಿಂದಿನ ದಿನದ ಗಾಳಿ ಎಬ್ಬಿಸಿದ ಅಲೆಗಳು ಇನ್ನೂ ಉಳಿದಿದ್ದರೆ ಒಂದು ಟ್ಯಾಕ್‌ನಲ್ಲಿ ಎದುರಿಗೇ ಅಪ್ಪಳಿಸುತ್ತವೆ, ಇನ್ನೊಂದರಲ್ಲಿ ಪಕ್ಕದಿಂದ ಬಂದು ಹೋಗುತ್ತವೆ. ಜಿಪಿಎಸ್ ತೋರಿಸುವುದು ನೆಲಕ್ಕೆ ಸಂಬಂಧಿಸಿದ ದಾರಿಯನ್ನು, ಹಾಗಾಗಿ ನೀರಿನ ಸೆಳೆತವೂ ಅದರಲ್ಲಿ ಸೇರಿರುತ್ತದೆ. ದೋಣಿಯ ತಳದ ವೇಗಮಾಪಕ ಚಕ್ರವನ್ನು ಮಧ್ಯರೇಖೆಯಿಂದ ಪಕ್ಕಕ್ಕೆ ಕೂರಿಸಿದ್ದರೆ ಅದೂ ಎರಡು ಟ್ಯಾಕ್‌ಗಳಲ್ಲಿ ಬೇರೆ ಬೇರೆ ಅಂಕಿ ತೋರಿಸಬಹುದು.

ಆದ್ದರಿಂದ ಅದೇ ಮಾದರಿಯ ಇನ್ನೊಂದು ದೋಣಿಯ ಪಕ್ಕದಲ್ಲಿ ಓಡಿಸಿ ನೋಡಿ. ಚುಕ್ಕಾಣಿ ಹಿಡಿಯುವವರನ್ನು ಬದಲಿಸಿ. ಒಂದು ಬದಿಯಲ್ಲಿ ಕುಳಿತಾಗ ಮಾತ್ರ ಕೈ ಹದವಾಗಿ ಓಡುವವರು ಬಹಳ ಮಂದಿ ಇದ್ದಾರೆ. ಬೇರೆ ದಿನ, ಬೇರೆ ದಿಕ್ಕಿನ ಗಾಳಿಯಲ್ಲೂ ಅದೇ ಬದಿ ಸೋತರೆ ತಪ್ಪು ದೋಣಿಯದು.

ಮೊದಲು ಅಳೆಯಬೇಕಾದದ್ದು ಜಿಬ್‌ನ (ಕಂಬದ ಮುಂದಿರುವ ಹಾಯಿಯ) ಹಗ್ಗ ಹಾದುಹೋಗುವ ಕಾರನ್ನು, ಅಂದರೆ ಹಳಿಯ ಮೇಲೆ ಜಾರುವ ರಾಟೆಯನ್ನು. ಹಳಿಯ ತೂತುಗಳನ್ನು ಎಣಿಸಿ ಎರಡೂ ಕಡೆ ಸಮ ಎಂದುಕೊಳ್ಳಬೇಡಿ. ಹಳಿಯನ್ನೇ ಹಿಂದೆಮುಂದೆ ಜೋಡಿಸಿರಬಹುದು. ಕಂಬವನ್ನು ಮೂತಿಗೆ ಕಟ್ಟಿರುವ ಮುಂದಿನ ತಂತಿಯ ಬುಡದಿಂದ ಎರಡೂ ಕಾರುಗಳಿಗೆ ಟೇಪ್ ಹಿಡಿಯಿರಿ. ಎರಡೂ ಹಗ್ಗಗಳಿಗೆ ಒಂದೇ ಜಾಗದಲ್ಲಿ ಗುರುತು ಹಾಕಿ.

ಇನ್ನು ಕಂಬ. ಮುಖ್ಯ ಹಾಯಿಯನ್ನು ಏರಿಸುವ ಹಗ್ಗಕ್ಕೆ ಉಕ್ಕಿನ ಟೇಪ್ ಕಟ್ಟಿ ತುದಿಗೇರಿಸಿ, ಮೂತಿಯಿಂದ ಸಮದೂರದಲ್ಲಿರುವ ಎಡ-ಬಲ ಅಂಚಿನ ಬಿಂದುಗಳವರೆಗೆ ಅಳೆಯಿರಿ. 10 ಮೀಟರ್ ಎತ್ತರದ ಕಂಬ ತುದಿಯಲ್ಲಿ 1 ಸೆಂಟಿಮೀಟರ್ ವಾಲಿದರೆ ಅದು ಒಂದು ಡಿಗ್ರಿಯ ಹತ್ತನೇ ಒಂದು ಭಾಗವೂ ಅಲ್ಲ. ವಾಲನ್ನು ಸರಿಪಡಿಸಲೇಬೇಕು, ಆದರೆ ದೊಡ್ಡ ವ್ಯತ್ಯಾಸಕ್ಕೆ ಅದೊಂದನ್ನೇ ಹೊಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ನಿಜವಾದ ತಪ್ಪಿತಸ್ಥ ಸಾಮಾನ್ಯವಾಗಿ ಕಂಬದ ನಡುವಿನ ಬಾಗು, ಮತ್ತು ಅದು ದಡದಲ್ಲಿ ಕಾಣಿಸುವುದಿಲ್ಲ. 10–12 ನಾಟ್ ಗಾಳಿಯಲ್ಲಿ ಗಾಳಿಗೆದುರು ಓಡುತ್ತಿರುವಾಗ ಕಂಬದ ಹಿಂಬದಿಗೆ ಕೆನ್ನೆಯಾನಿಸಿ, ಹಾಯಿಯ ಅಂಚು ಕೂರುವ ತೋಡಿನ ಉದ್ದಕ್ಕೂ ಕಣ್ಣು ಹಾಯಿಸಿ. ಪೋರ್ಟ್ ಟ್ಯಾಕ್‌ನಲ್ಲಿ ಸ್ಪ್ರೆಡರ್‌ಗಳ (ತಂತಿಗಳನ್ನು ಕಂಬದಿಂದ ಹೊರಕ್ಕೆ ಚಾಚಿ ಹಿಡಿಯುವ ಅಡ್ಡಕೋಲುಗಳ) ಬಳಿ ಆ ಗೆರೆ ಬಲಕ್ಕೆ, ಗಾಳಿಯ ಮರೆಯ ಕಡೆಗೆ, ಹೊಟ್ಟೆ ಬಿಟ್ಟು, ಸ್ಟಾರ್‌ಬೋರ್ಡ್‌ನಲ್ಲಿ ನೇರವಾಗಿ ನಿಂತರೆ ಎಡಗಡೆಯ ಕೆಳ ಶ್ರೌಡ್ (ಕಂಬವನ್ನು ಪಕ್ಕದಿಂದ ಹಿಡಿದಿಡುವ ತಂತಿ) ಸಡಿಲವಾಗಿದೆ ಎಂದು ತಿಳಿಯಿರಿ. ನಡುಕಂಬ ಜಿಬ್‌ನತ್ತ ಸರಿದು ಎರಡು ಹಾಯಿಗಳ ನಡುವಿನ ಸಂದು ಕಿರಿದಾಗುತ್ತದೆ. ಅಲ್ಲಿ ಗಾಳಿಯ ಹರಿವು ಉಸಿರುಗಟ್ಟಿದಾಗ ದೋಣಿ ಏರುವುದಾದರೂ ಹೇಗೆ?

ಭಾರ ಹೊತ್ತ ತಂತಿಯನ್ನು ತಿರುಗಿಸಬೇಡಿ. ಸ್ಟಾರ್‌ಬೋರ್ಡ್ ಟ್ಯಾಕ್‌ಗೆ ಹೊರಳಿ. ಎಡಗಡೆಯ ಶ್ರೌಡ್ ಆಗ ಹಗುರವಾಗುತ್ತದೆ. ಅರ್ಧ ಸುತ್ತು ಬಿಗಿ ಮಾಡಿ, ಬರೆದಿಟ್ಟುಕೊಳ್ಳಿ, ಮರಳಿ ಪೋರ್ಟ್‌ಗೆ ಬಂದು ಮತ್ತೆ ನೋಡಿ. ತುದಿಯವರೆಗೆ ಹೋಗುವ ಶ್ರೌಡ್‌ಗಳ ಬಿಗಿತ ಅಸಮವಾಗಿದ್ದರೆ ಮುಂದಿನ ತಂತಿಯ ಜೋಲೂ ಎರಡು ಕಡೆ ಬೇರೆಯಾಗಬಹುದು. ಹೆಚ್ಚು ಜೋತ ಕಡೆ ಜಿಬ್ ಉಬ್ಬಿ, ಮೂತಿ ಗಾಳಿಗೆ ಹತ್ತಿರವಾಗಲು ಒಪ್ಪುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ವ್ಯತ್ಯಾಸ ಉಳಿದರೆ ಮಾತ್ರ ದೋಣಿಯನ್ನು ನೀರಿನಿಂದೆತ್ತಿ. ಕೀಲ್ ಒಂದು ಡಿಗ್ರಿ ಓರೆಯಾಗಿ ಕೂತಿದ್ದರೆ ದಿಕ್ಸೂಚಿಯಲ್ಲಿ ಎರಡು ಟ್ಯಾಕ್‌ಗಳು ಬೇರೆಯಾಗಿ ಕಾಣುತ್ತವೆ, ಆದರೆ ನೀರಿನಲ್ಲಿ ದೋಣಿ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೂತಿ ಎತ್ತ ನೋಡುತ್ತಿದೆ ಎನ್ನುವುದಕ್ಕಿಂತ ಜೊತೆಯ ದೋಣಿಗೆ ಹೋಲಿಸಿದರೆ ಎಲ್ಲಿದ್ದೀರಿ ಎಂಬುದು ಮುಖ್ಯವಾಗುವುದು ಇದಕ್ಕೇ. ಹಿಂದೆ ನಿಂತು ಕೀಲ್‌ನ ಹಿಂಬದಿಯ ಅಂಚು ಮತ್ತು ಚುಕ್ಕಾಣಿ ಒಂದೇ ಗೆರೆಯಲ್ಲಿವೆಯೇ ನೋಡಿ. ಕೀಲ್‌ನ ಒಂದು ಮೈಗೆ ಸರಿಯಾಗಿ ರಟ್ಟು ಕತ್ತರಿಸಿ, ಅದನ್ನು ಮಗುಚಿ ಇನ್ನೊಂದು ಮೈಗೆ ಹಿಡಿಯಿರಿ; ಬೆಳಕು ತೂರಿದಲ್ಲಿ ಆಕಾರ ತಪ್ಪಿದೆ. ಉಬ್ಬನ್ನು ಉಜ್ಜುವುದಕ್ಕಿಂತ ತಗ್ಗನ್ನು ಎಪಾಕ್ಸಿ ಫಿಲ್ಲರ್‌ನಿಂದ ತುಂಬುವುದು ಕ್ಷೇಮ. ಸ್ಪರ್ಧೆಗಿಳಿಯುವ ಏಕಮಾದರಿ ದೋಣಿಯಾದರೆ ಕೀಲ್ ಮುಟ್ಟುವ ಮೊದಲು ಆ ವರ್ಗದ ನಿಯಮಗಳನ್ನು ಓದಿಕೊಳ್ಳಿ; ಹಲವು ವರ್ಗಗಳು ಅದರ ಆಕಾರ ಬದಲಿಸಲು ಬಿಡುವುದಿಲ್ಲ.