ಕುಳ್ಳ ಮೊಲದ ಕಷ್ಟದ ಹೆರಿಗೆ

ಸಾಕಿದ ಮೊಲ ಮರಿ ಹಾಕುವುದನ್ನು ಕಣ್ಣಾರೆ ನೋಡಿದವರು ಕಡಿಮೆ. ರಾತ್ರಿ ಮಲಗುವಾಗ ಗೂಡಿನಲ್ಲಿ ಒಂದೇ ಮೊಲ ಇರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಮೂಲೆಯಲ್ಲಿ ಕೂದಲ ಗುಡ್ಡೆ, ಅದರೊಳಗೆ ಏನೋ ಮಿಸುಕಾಟ. ಸಾಮಾನ್ಯವಾಗಿ ಬೆಳಗಿನ ಜಾವ ಶುರುವಾಗಿ ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿರುತ್ತದೆ. ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಹಸುವಿನ ಪಕ್ಕ ಕೂತು ಕಾದವರಿಗೆ ಇದು ನಂಬಲಾಗದ ವೇಗ.

ಇಷ್ಟು ಸಲೀಸಾಗಲು ಕಾರಣ ಮರಿಯ ಗಾತ್ರ. ನಾವು ಮನೆಯಲ್ಲಿ ಸಾಕುವ ಎಲ್ಲ ಮೊಲಗಳ ಮೂಲ ಯುರೋಪಿನ ಬಿಲದ ಮೊಲ. ನಮ್ಮ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಓಡುವ ಕಾಡುಮೊಲ ಬೇರೆಯೇ ಜಾತಿ. ಅದಕ್ಕೆ ಬಿಲ ಇಲ್ಲ, ಹಾಗಾಗಿ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಬಿಲದ ಮೊಲಕ್ಕೆ ಆ ಅವಸರ ಇಲ್ಲ. ಮರಿ ಬೋಳು ಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಬೆಚ್ಚಗಿನ ಗೂಡಿನಲ್ಲೇ ಉಳಿದ ಬೆಳವಣಿಗೆ ಮುಗಿಸುತ್ತದೆ. ಕಣ್ಣು ಬಿಡಲು ಇನ್ನೂ ಹತ್ತು ದಿನ ಬೇಕು. ತಾಯಿ ಹೊರುವುದು ಬರೀ 31 ದಿನ, ಒಂದೆರಡು ದಿನ ಆಚೀಚೆ. ಸಾಕಣೆ ಕೇಂದ್ರಗಳಲ್ಲಿ ಕಾಣುವ ನ್ಯೂಜಿಲೆಂಡ್ ವೈಟ್ ಹೆಣ್ಣು ನಾಲ್ಕು ಕಿಲೋ ತೂಗಿದರೆ, ಅದರ ಮರಿ 50-60 ಗ್ರಾಂ. ಜಾರಿಕೊಂಡು ಬರುತ್ತದೆ.

ಈ ಲೆಕ್ಕ ತಪ್ಪುವುದು ಕುಳ್ಳ ತಳಿಗಳಲ್ಲಿ.

ನೆದರ್ಲೆಂಡ್ ಡ್ವಾರ್ಫ್ ಎಂಬ ತಳಿಯನ್ನೇ ನೋಡಿ. ದುಂಡು ತಲೆ, ಚೂರೇ ಚೂರು ಕಿವಿ, ಒತ್ತಿದಂತಿರುವ ಮೂತಿ. ಬೆಳೆದ ಮೇಲೂ ಮರಿಯಂತೆಯೇ ಕಾಣುವುದು ಅದರ ಆಕರ್ಷಣೆ. ಪ್ರದರ್ಶನದ ನಿಯಮದ ಪ್ರಕಾರ ಅದು ಸುಮಾರು 1.1 ಕಿಲೋ ಮೀರಬಾರದು. ಇಷ್ಟು ಪುಟ್ಟ ತಾಯಿಯ ಹೊಟ್ಟೆಯಲ್ಲಿ ಎರಡರಿಂದ ನಾಲ್ಕು ಮರಿ ಇರುತ್ತವೆ, ಕೆಲವೊಮ್ಮೆ ಒಂದೇ. ಮರಿ ಕಡಿಮೆ ಇದ್ದರೆ ಹೆರಿಗೆ ಸುಲಭ ಅಂತ ನಮಗೆ ಅನಿಸುತ್ತದೆ, ಅಲ್ವಾ? ಮೊಲದಲ್ಲಿ ಅದು ಉಲ್ಟಾ. ಮರಿಗಳು ಕಡಿಮೆ ಇದ್ದಷ್ಟೂ ಒಂದೊಂದಕ್ಕೂ ಸಿಗುವ ರಕ್ತ, ಜಾಗ ಎರಡೂ ಜಾಸ್ತಿ. ಮರಿ ದಪ್ಪವಾಗುತ್ತದೆ. ಜೊತೆಗೆ ಮರಿ ಕಡಿಮೆ ಇರುವ ಗಬ್ಬ ಒಂದೆರಡು ದಿನ ಎಳೆಯುತ್ತದೆ. ಕೊನೆಯ ದಿನಗಳಲ್ಲೇ ಮರಿ ಜೋರಾಗಿ ಬೆಳೆಯುವುದು. ಹಾಗಾಗಿ ಒಂಟಿ ಮರಿ ಹೊತ್ತ ಕುಳ್ಳ ಮೊಲವೇ ಎಲ್ಲಕ್ಕಿಂತ ಅಪಾಯದಲ್ಲಿರುತ್ತದೆ. ವಠಾರದ ಕಿರಿದಾದ ಬಾಗಿಲಲ್ಲಿ ಬೀರು ಸಿಕ್ಕಿಕೊಂಡ ಹಾಗೆ, ಮರಿಯ ತಲೆ ಸೊಂಟದ ಮೂಳೆಗಳ ನಡುವೆ ನಿಂತುಬಿಡುತ್ತದೆ.

ಕುಳ್ಳತನ ಎಲ್ಲಿಂದ ಬಂತು ಎಂದು ನೋಡಿದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ, ಸ್ವಲ್ಪ ಬೇಜಾರೂ ಆಗುತ್ತದೆ. 1934ರಲ್ಲೇ ಅಮೆರಿಕದ ವಿಜ್ಞಾನಿಗಳು ಮೊಲಗಳಲ್ಲಿ ಒಂದು ವಿಚಿತ್ರ ಗುಣ ಗುರುತಿಸಿ ವರದಿ ಮಾಡಿದ್ದರು. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಅದರ ಪ್ರತಿ ಬಂದರೆ ಮೊಲ ಕುಳ್ಳಾಗುತ್ತದೆ, ಇಬ್ಬರಿಂದಲೂ ಬಂದರೆ ಸಾಯುತ್ತದೆ. ಅದರ ಹಿಂದಿರುವ ಜೀನ್ ಯಾವುದು ಎಂದು ಖಚಿತವಾಗಿದ್ದು 2017ರಲ್ಲಿ. ಎಚ್‌ಎಂಜಿಎ2 ಎಂಬ ಜೀನಿನ ಜಾಗದಲ್ಲಿ ಡಿಎನ್‌ಎಯ ಸುಮಾರು 12,100 ಅಕ್ಷರಗಳ ತುಂಡೊಂದು ಕಳೆದುಹೋಗಿದೆ. ಮೈ ಎಷ್ಟು ಬೆಳೆಯಬೇಕು ಎಂಬುದರಲ್ಲಿ ಈ ಜೀನಿನ ಪಾತ್ರ ದೊಡ್ಡದು. ಮನುಷ್ಯರ ಎತ್ತರಕ್ಕೂ ಇದಕ್ಕೂ ಸಂಬಂಧ ಇದೆ.

ಈಗ ಎರಡು ಕುಳ್ಳ ಮೊಲಗಳನ್ನು ಕೂಡಿಸಿ. ಎರಡರಲ್ಲೂ ಕುಳ್ಳತನದ ಪ್ರತಿ ಒಂದು, ಮಾಮೂಲಿ ಪ್ರತಿ ಒಂದು ಇರುತ್ತದೆ. ಮರಿಗೆ ತಂದೆಯಿಂದ ಯಾವುದೋ ಒಂದು, ತಾಯಿಯಿಂದ ಯಾವುದೋ ಒಂದು ಬರುತ್ತದೆ. ಸರಾಸರಿ ನಾಲ್ಕು ಮರಿಯಲ್ಲಿ ಎರಡಕ್ಕೆ ಕುಳ್ಳತನದ ಪ್ರತಿ ಒಂದೊಂದು ಸಿಗುತ್ತದೆ. ಅವು ತಾಯಿಯ ಹಾಗೇ ಆಗುತ್ತವೆ. ಒಂದಕ್ಕೆ ಎರಡೂ ಕಡೆಯಿಂದ ಬರುತ್ತದೆ. ಸಾಕುವವರು ಅದನ್ನು ಪೀನಟ್ ಅನ್ನುತ್ತಾರೆ. ಕಡಲೆಕಾಯಿಯಷ್ಟೇ ಪುಟ್ಟದು, ತಲೆ ಮಾತ್ರ ಊದಿದಂತಿರುತ್ತದೆ, ಹಿಂಗಾಲು ಸಣಕಲು. ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಎಷ್ಟು ಹಾಲು ಕುಡಿಸಿದರೂ, ಎಷ್ಟು ಬೆಚ್ಚಗಿಟ್ಟರೂ ಉಳಿಯುವುದಿಲ್ಲ. ಇದನ್ನು ತಿಳಿಯದೆ ತಾಯಿ ಮೊಲವನ್ನೋ ತಮ್ಮನ್ನೋ ಬೈದುಕೊಳ್ಳುವವರು ಇದ್ದಾರೆ.

ನಾಲ್ಕನೆಯ ಮರಿಗೆ ಕುಳ್ಳತನದ ಪ್ರತಿ ಸಿಗುವುದೇ ಇಲ್ಲ. ಅದು ಮಾಮೂಲಿ ಗಾತ್ರದ ಮೊಲ. ಹುಟ್ಟುವಾಗಿನ ತೂಕ ಹೋಲಿಸಿದರೆ, ಮಾಮೂಲಿ ಮರಿಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕುಳ್ಳ ಮರಿ, ಒಂದು ಪಾಲು ಪೀನಟ್. ಅಂದರೆ ಮಾಮೂಲಿ ಗಾತ್ರದ ಮರಿ ಕುಳ್ಳ ತಾಯಿಯ ಮೈಗೆ ಅಳತೆ ಮೀರಿದ ಮರಿ. ಇದರ ಮೇಲೆ ನಾವು ತಲೆಮಾರುಗಳಿಂದ ದುಂಡು ತಲೆಯನ್ನೇ ಆರಿಸಿ ಆರಿಸಿ ಬೆಳೆಸಿದ್ದೇವೆ. ಮರಿಯಲ್ಲಿ ಅಗಲವಾದ ಭಾಗ ತಲೆಯೇ. ಮುದ್ದು ಮುಖಕ್ಕೆ ನಾವು ಕೊಡುವ ಬೆಲೆಯನ್ನು ತಾಯಿ ಮೊಲದ ಸೊಂಟ ತೀರಿಸುತ್ತಿದೆ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕು. ಅಂಗಡಿಯಲ್ಲಿ ಡ್ವಾರ್ಫ್ ಅಂತ ಮಾರುವ ಮರಿಗಳಲ್ಲಿ ಎಷ್ಟೋ ಬರೀ ಎಳೆಯ ಮರಿಗಳು, ಬೆಳೆದ ಮೇಲೆ ಎರಡೂವರೆ ಕಿಲೋ ಆಗುತ್ತವೆ. ಕೇಳಿದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೀಗೆ ತಂದ ಜೋಡಿಯಲ್ಲಿ ಹೆಣ್ಣು ನಿಜವಾಗಿಯೂ ಪುಟ್ಟದಾಗಿ, ಗಂಡು ದೊಡ್ಡದಾಗಿ ಬೆಳೆದರೆ ಹೆರಿಗೆಗೆ ಕಷ್ಟ ಕಟ್ಟಿಟ್ಟದ್ದು. ಎರಡೂ ಹೆಣ್ಣು ಅಂತ ಹೇಳಿ ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿರುವುದೂ ಉಂಟು. ಎಳೆಯದರಲ್ಲಿ ಗುರುತಿಸುವುದು ಕಷ್ಟ. ಮೊಲಕ್ಕೆ ಬೆದೆಯ ಕಾಲ ಅಂತ ಕಾಯುವ ಹಾಗೂ ಇಲ್ಲ. ಕೂಡಿದ ಮೇಲೆಯೇ, ಸುಮಾರು ಹತ್ತು ತಾಸು ಕಳೆದು, ಅಂಡ ಬಿಡುಗಡೆಯಾಗುತ್ತದೆ. ಕೂಡುವುದು ಕೆಲವೇ ಸೆಕೆಂಡುಗಳ ಕೆಲಸ. ಬಾಲ್ಕನಿಯಲ್ಲಿ ಐದು ನಿಮಿಷ ಒಟ್ಟಿಗೆ ಬಿಟ್ಟರೂ ಸಾಕು.

ಇನ್ನು ಆಹಾರ. ಬಿಸ್ಕತ್ತು, ಬ್ರೆಡ್ಡು, ದಿನಾ ಕ್ಯಾರೆಟ್ಟು ಕೊಟ್ಟು ಸಾಕಿದ ಮೊಲಕ್ಕೆ ಕೊಬ್ಬು ಕಟ್ಟುತ್ತದೆ. ಕೊಬ್ಬಿದ ಮೊಲದ ಗರ್ಭಕೋಶ ಸರಿಯಾಗಿ ಹಿಂಡುವುದಿಲ್ಲ, ಬೇನೆ ಬಂದು ಅರ್ಧಕ್ಕೇ ನಿಲ್ಲುತ್ತದೆ. ಗಬ್ಬದ ಕೊನೆಯ ವಾರದಲ್ಲಿ ಅಂಥ ಮೊಲ ಒಂದೆರಡು ದಿನ ಹೊಟ್ಟೆಗೆ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ರಕ್ತ ವಿಷವಾಗಿ ಸಾಯಲೂಬಹುದು. ಏಪ್ರಿಲ್‌ನ ಸೆಖೆಯಲ್ಲಿ ಮೊಲ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ತಗಡಿನ ಗೂಡು ಇಟ್ಟರಂತೂ ಕೇಳುವುದೇ ಬೇಡ. ಗಬ್ಬದ ಮೊಲಕ್ಕೆ ಒಣಹುಲ್ಲು, ಗರಿಕೆ ಯಾವಾಗಲೂ ಎದುರಿಗಿರಬೇಕು.

ಹೆರಿಗೆ ಕೈಕೊಟ್ಟಿದೆ ಎಂದು ತಿಳಿಯುವುದು ಹೇಗೆ? ಮೊದಲು ಒಂದು ಸುಳ್ಳು ಗಾಬರಿಯನ್ನು ಪಕ್ಕಕ್ಕಿಡೋಣ. ಅಂಡ ಬಿಡುಗಡೆಯಾಗಿ ಗಬ್ಬ ನಿಲ್ಲದಿದ್ದರೂ ಮೊಲ ಹದಿನಾರು, ಹದಿನೆಂಟು ದಿನಕ್ಕೆ ಕೂದಲು ಕಿತ್ತು ಗೂಡು ಕಟ್ಟುತ್ತದೆ. ಅದು ಸುಳ್ಳು ಗಬ್ಬ. ಮರಿ ಬರಲಿಲ್ಲ ಎಂದು ಹೆದರಬೇಕಿಲ್ಲ. ದಿನಾಂಕ ಬರೆದಿಟ್ಟುಕೊಂಡಿದ್ದರೆ ಈ ಗೊಂದಲವೇ ಇರುವುದಿಲ್ಲ.

ನಿಜವಾದ ತೊಂದರೆ ಬೇರೆ ಥರ ಕಾಣುತ್ತದೆ. ಮೊಲ ಅರ್ಧ ಗಂಟೆ ತಿಣುಕಿದರೂ ಮರಿ ಬರುವುದಿಲ್ಲ. ಅಥವಾ ಮರಿಯ ಕಾಲೋ ತಲೆಯೋ ಹೊರಗೆ ಬಂದು ಅಲ್ಲೇ ನಿಂತಿರುತ್ತದೆ. ಮರಿಯಿಲ್ಲದೆ ರಕ್ತ ಅಥವಾ ಹಸಿರು ಮಿಶ್ರಿತ ಕಂದು ನೀರು ಬರುತ್ತದೆ. 33 ದಿನ ದಾಟುತ್ತದೆ. ಒಂದು ಮರಿ ಹಾಕಿ, ಆಮೇಲೆ ಹುಲ್ಲೂ ಮುಟ್ಟದೆ ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತದೆ. ಮೊಲ ನೋವಿಗೆ ಕೂಗುವ ಪ್ರಾಣಿ ಅಲ್ಲ. ಬೇಟೆಗೆ ಸಿಗುವ ಪ್ರಾಣಿಗಳು ನೋವನ್ನು ಅಡಗಿಸಿಡುತ್ತವೆ. ಸುಮ್ನೆ ಕೂತಿದೆ ಎಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೈಮೀರಿರುತ್ತದೆ.

ಮೊಲದ ಗರ್ಭಕೋಶಕ್ಕೆ ಎರಡು ಕೊಂಬು, ಎರಡಕ್ಕೂ ಬೇರೆ ಬೇರೆ ಬಾಯಿ. ಆದರೆ ಮುಂದೆ ಹೊರಬರುವ ದಾರಿ ಒಂದೇ. ಅಲ್ಲಿ ಒಂದು ಮರಿ ಅಡ್ಡ ನಿಂತರೆ ಹಿಂದಿನವೆಲ್ಲ ಒಳಗೇ ಉಳಿಯುತ್ತವೆ. ಅದಕ್ಕೇ ವೈದ್ಯರು ಮೊದಲು ಎಕ್ಸ್‌ರೇ ತೆಗೆಸಿ ಮರಿ ಎಷ್ಟಿದೆ, ಹೇಗೆ ಕೂತಿದೆ ಎಂದು ನೋಡುತ್ತಾರೆ. ದಾರಿ ಖುಲಾಸೆಯಿದ್ದು ಬೇನೆ ಮಾತ್ರ ಸಾಲದಿದ್ದರೆ ಕ್ಯಾಲ್ಸಿಯಂ, ಬೇನೆ ಹೆಚ್ಚಿಸುವ ಆಕ್ಸಿಟೋಸಿನ್ ಕೊಡುತ್ತಾರೆ. ದಾರಿ ಕಟ್ಟಿದ್ದಾಗ ಅದೇ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶ ಹರಿಯಬಹುದು. ಔಷಧಿ ಅಂಗಡಿಯಿಂದ ತಂದು ಮನೆಯಲ್ಲೇ ಚುಚ್ಚುವ ಧೈರ್ಯ ಖಂಡಿತ ಬೇಡ. ಮರಿಯನ್ನು ಎಳೆಯುವುದೂ ಬೇಡ. ಇದು ಯಾವುದೂ ಆಗದಿದ್ದರೆ ಸಿಸೇರಿಯನ್. ನಾಯಿ ಬೆಕ್ಕುಗಳ ಹಾಗೆ ಆಪರೇಷನ್‌ಗೆ ಮುಂಚೆ ಮೊಲವನ್ನು ಉಪವಾಸ ಕೆಡವುವುದಿಲ್ಲ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಕರುಳು ಸುಮ್ಮನಾದರೆ ಅದೇ ಬೇರೆ ಕಾಯಿಲೆ. ಕೆಲವು ಆಂಟಿಬಯೋಟಿಕ್‌ಗಳನ್ನು, ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಥರದವನ್ನು, ಮೊಲದ ಕರುಳು ತಡೆಯುವುದಿಲ್ಲ.

ಹಾಗಾಗಿ ನಾಯಿ ನೋಡುವ ಕ್ಲಿನಿಕ್ಕೆಲ್ಲ ಮೊಲಕ್ಕೆ ಆಗಿಬರುವುದಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಗರದಲ್ಲಿ ಖಾಸಗಿ ವೈದ್ಯರೂ ಇದ್ದಾರೆ. ಮೊಲ ನೋಡುತ್ತೀರಾ, ರಾತ್ರಿ ಸಿಗುತ್ತೀರಾ ಎಂದು ಗಬ್ಬದ ಮೂರನೇ ವಾರದಲ್ಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ರಸ್ತೆ ಖಾಲಿ ಸಿಗುತ್ತದೆ, ಸಿಗದಿರುವುದು ಮೊಲದ ಡಾಕ್ಟರು.

ಹೆರಿಗೆಯಾದ ದಿನವೇ ಹೆಣ್ಣು ಮೊಲ ಮತ್ತೆ ಗಬ್ಬ ಕಟ್ಟಬಲ್ಲದು. ಗಂಡನ್ನು ಮುಂಚೆಯೇ ಬೇರೆ ಮಾಡಿರಬೇಕು. ಮರಿ ಬೇಡವೇ ಬೇಡ ಎನ್ನುವವರು ಐದಾರು ತಿಂಗಳಾದ ಮೇಲೆ ಹೆಣ್ಣಿನ ಗರ್ಭಕೋಶ ತೆಗೆಸುವುದು ಒಳ್ಳೆಯದು. ನನ್ನ ಮಟ್ಟಿಗೆ ಫ್ಲ್ಯಾಟಿನಲ್ಲಿ ಸಾಕುವ ಪುಟ್ಟ ಮೊಲಕ್ಕೆ ಇದೇ ಸರಿ. ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬ ಸಾಮಾನ್ಯ. ಆ ಭಯವೂ ಇದರಿಂದ ತಪ್ಪುತ್ತದೆ.

ತಳಿ ಬೆಳೆಸುವವರ ದಾರಿ ಬೇರೆ. ಅನುಭವಿಗಳು ಎರಡು ಕುಳ್ಳ ಮೊಲ ಕೂಡಿಸುವ ಬದಲು, ಅದೇ ತಳಿಯಲ್ಲಿ ಕುಳ್ಳತನದ ಪ್ರತಿ ಸಿಗದೆ ದೊಡ್ಡದಾಗಿ ಬೆಳೆದ ಹೆಣ್ಣನ್ನು ಆರಿಸುತ್ತಾರೆ. ಅದರ ಸೊಂಟ ಅಗಲ, ಮರಿ ಜಾಸ್ತಿ, ಪೀನಟ್ ಒಂದೂ ಹುಟ್ಟುವುದಿಲ್ಲ. ಕುಳ್ಳ ಗಂಡಿನ ಜೊತೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ಕುಳ್ಳಾಗಿಯೇ ಬರುತ್ತವೆ. ಉದ್ದ ಕಿವಿ, ದೊಡ್ಡ ಮೈಯ ಆ ಹೆಣ್ಣಿಗೆ ಮಾತ್ರ ಪ್ರದರ್ಶನದಲ್ಲಿ ಯಾವ ಬಹುಮಾನವೂ ಇಲ್ಲ.