ಹೋಂವರ್ಕ್: ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು?

ಜಮಖಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಪಾಲಕರ ಸಭೆಗೆ ಬಂದವರು ಪ್ರತಿ ವರ್ಷ ಕೇಳುವ ಮಾತು ಒಂದಿದೆ: "ನಮಗ ಓದಾಕ ಬರೂದಿಲ್ರಿ ಅಕ್ಕೋರ, ಹುಡುಗರ ಹೋಂವರ್ಕ್ ನಾವ್ ಹೆಂಗ ನೋಡೂದ್ರಿ?" ಈ ಚಿಂತೆ ಅವರಿಗೆ ಬೇಕಾಗಿಲ್ಲ. ಲೆಕ್ಕ ಹೇಳಿಕೊಡುವುದು ಪಾಲಕರ ಕೆಲಸವೇ ಅಲ್ಲ. ಮನೆಯಲ್ಲಿ ಕಲಿತವರು ಇದ್ದರೆ ಮಾತ್ರ ಮುಗಿಯುವಂಥ ಹೋಂವರ್ಕ್ ಕೊಟ್ಟರೆ, ತಪ್ಪು ಕೊಟ್ಟ ಶಿಕ್ಷಕರದ್ದು. ಎಂಟರಿಂದ ಹತ್ತನೇ ತರಗತಿಯ ಮಕ್ಕಳು ತಾವೇ ಕೂತು, ಯಾರನ್ನೂ ಕೇಳದೆ, ಮಾಡಿ ಮುಗಿಸುವಷ್ಟೇ ಕೊಡಬೇಕು.

ಎಷ್ಟು ಹೊತ್ತಿನದು ಕೊಡಬೇಕು ಎನ್ನುವುದಕ್ಕೆ ಅಳತೆ ಇದೆ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಆರರಿಂದ ಎಂಟನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಒಂಬತ್ತರಿಂದ ಮೇಲೆ ಹೆಚ್ಚೆಂದರೆ 2 ಗಂಟೆ ಎನ್ನುತ್ತದೆ. ಇದು ಎಲ್ಲ ವಿಷಯ ಸೇರಿದ ಲೆಕ್ಕ. ನಮ್ಮಲ್ಲಿ ಎಂಟನೇ ತರಗತಿ ಹೈಸ್ಕೂಲಿಗೆ ಸೇರಿದೆ. ಹಾಗಾಗಿ ಜೂನ್‌ನಲ್ಲಿ ಹೊಸದಾಗಿ ಬಂದ ಮಗುವಿನ ಮೇಲೂ ಹತ್ತನೇ ತರಗತಿಯವರಷ್ಟೇ ಹೊರೆ ಬೀಳುತ್ತದೆ. ಆರು ವಿಷಯದ ಆರು ಜನ ಶಿಕ್ಷಕರು ತಲಾ ಅರ್ಧ ಗಂಟೆಯದು ಕೊಟ್ಟರೆ ಮೂರು ಗಂಟೆಯಾಯಿತು. ಒಬ್ಬೊಬ್ಬರನ್ನೇ ಕೇಳಿದರೆ ಯಾರೂ ಜಾಸ್ತಿ ಕೊಟ್ಟಿಲ್ಲ. ಆದರೆ ರಾತ್ರಿ ಹತ್ತೂವರೆಗೆ ತೂಕಡಿಸುತ್ತಾ ಬರೆಯುವ ಮಗುವಿಗೆ ಆರೂ ಸೇರಿ ಒಂದೇ ಹೊರೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಕರಿಹಲಗೆಯ ಬಲಗಡೆ ಒಂದು ಮೂಲೆ ಬಿಟ್ಟುಕೊಂಡರೆ ಸಾಕು. ಹೋಂವರ್ಕ್ ಕೊಟ್ಟವರು ವಿಷಯ ಮತ್ತು ನಿಮಿಷ ಬರೆದು ಹೋಗಬೇಕು: ಗಣಿತ 30, ಇಂಗ್ಲಿಷ್ 20. ಮುಂದಿನ ಪಿರಿಯಡ್‌ಗೆ ಬಂದವರು ಮೊದಲು ಆ ಮೂಲೆ ನೋಡಬೇಕು. ಮೊತ್ತ ತುಂಬಿದ್ದರೆ ತಮ್ಮದನ್ನು ನಾಳೆಗೆ ಇಟ್ಟುಕೊಳ್ಳಬೇಕು. ಇದನ್ನು ಮುಖ್ಯೋಪಾಧ್ಯಾಯರು ಹೇಳಿದರೆ ಮಾತ್ರ ನಡೆಯುತ್ತದೆ, ಶಿಕ್ಷಕರು ತಮ್ಮತಮ್ಮಲ್ಲೇ ಹೇಳಿಕೊಂಡರೆ ಮನಸ್ತಾಪ ಆಗುತ್ತದೆ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿಯೂ ಬೇಸರವಿದೆ. ರಾತ್ರಿ ಒಂಬತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಹೋಂವರ್ಕ್ ಹಾಕುವುದು ನಿಲ್ಲಬೇಕು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಅಪ್ಪ ನೀರು ಹಾಯಿಸಲು ಹೋಗಿದ್ದರೆ ಫೋನೂ ಹೊಲದಲ್ಲೇ. ತೋಟದ ವಸ್ತಿಯಿಂದ ಬರುವ ಮಕ್ಕಳಿಗೆ ನೆಟ್‌ವರ್ಕ್ ಸಿಗುವುದೂ ಕಷ್ಟ. ಗಂಟೆ ಹೊಡೆಯುವ ಮೊದಲೇ ಹೋಂವರ್ಕ್ ಅವರ ನೋಟ್‌ಬುಕ್ಕಿನಲ್ಲಿ ಇರಬೇಕು. ಮೊದಲ ಲೆಕ್ಕವನ್ನು ನಾನು ತರಗತಿಯಲ್ಲೇ ಶುರು ಮಾಡಿಸುತ್ತೇನೆ. ಐದು ನಿಮಿಷ ಬೆಂಚುಗಳ ನಡುವೆ ಓಡಾಡಿದರೆ ಸಾಕು, ಯಾರಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅಭ್ಯಾಸದ ಹದಿನೈದೂ ಲೆಕ್ಕ ಮಾಡಿಕೊಂಡು ಬನ್ನಿ ಎಂದರೆ ಮಕ್ಕಳು ಗೈಡ್ ತೆಗೆಯುತ್ತಾರೆ. ನಾನು ನಾಲ್ಕು ಕೊಡುತ್ತೇನೆ. ಎರಡು ಇವತ್ತಿನ ಪಾಠದವು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಹಳೆಯದನ್ನು ನೆನಪು ಮಾಡಿಕೊಂಡು ಮಾಡಿದಾಗಲೇ ಅದು ತಲೆಯಲ್ಲಿ ಉಳಿಯುತ್ತದೆ. ಜೊತೆಗೆ ಒಂದು ನಿಯಮ: ಲೆಕ್ಕ ಬರದಿದ್ದರೆ ಎಲ್ಲಿ ನಿಂತಿತೋ ಅಲ್ಲಿ ಗೆರೆ ಎಳೆದು, ಏನು ತಿಳಿಯಲಿಲ್ಲ ಎಂದು ಒಂದು ಸಾಲು ಬರೆಯಬೇಕು. ಹಾಗೆ ಬರೆದವರಿಗೂ ಪೂರ್ತಿ ಮಾಡಿದವರಷ್ಟೇ ಬೆಲೆ. ಸಮಾಂತರ ಶ್ರೇಢಿಯ ಲೆಕ್ಕ ತೆಗೆದುಕೊಳ್ಳಿ. 5, 8, 11, ಹೀಗೆ ಮೂರು ಮೂರು ಹೆಚ್ಚುತ್ತಾ ಹೋಗುವ ಶ್ರೇಢಿಯ 20ನೇ ಪದ ಕೇಳಿದರೆ, 5ಕ್ಕೆ 3ನ್ನು 19 ಸಲ ಕೂಡಿಸಬೇಕು, ಉತ್ತರ 62. ಒಂದು ಮಗು 65 ಎಂದು ಬರೆದರೆ, ಅದು 3ನ್ನು 19ರ ಬದಲು 20ರಿಂದ ಗುಣಿಸಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನಾಳೆ ಏನು ಕಲಿಸಬೇಕು ಎನ್ನುವುದೂ ತಿಳಿಯುತ್ತದೆ. ಗೈಡ್ ನೋಡಿ 62 ಬರೆದ ನೋಟ್‌ಬುಕ್ಕಿನಿಂದ ನನಗೆ ಏನೂ ಗೊತ್ತಾಗುವುದಿಲ್ಲ.

ನೋಡದ ಹೋಂವರ್ಕನ್ನು ಕೊಡಲೇಬಾರದು. ಆದರೆ 50 ಮಕ್ಕಳ ನೋಟ್‌ಬುಕ್ಕನ್ನು ತಲಾ ಮೂರು ನಿಮಿಷ ನೋಡಿದರೂ ಎರಡೂವರೆ ಗಂಟೆ ಬೇಕು. ಮೂರು ತರಗತಿ ಇದ್ದರೆ ಅದು ಆಗದ ಮಾತು. ಅದಕ್ಕೇ ಅಕ್ಕಪಕ್ಕದವರು ನೋಟ್‌ಬುಕ್ ಬದಲಿಸಿಕೊಂಡು ಹಲಗೆಯ ಮೇಲಿನ ಉತ್ತರ ನೋಡಿ ತಿದ್ದುತ್ತಾರೆ. ದಿನಕ್ಕೆ ಹತ್ತು ನೋಟ್‌ಬುಕ್ ಮಾತ್ರ ನಾನು ಒಯ್ದು ಸಾಲುಸಾಲಾಗಿ ನೋಡುತ್ತೇನೆ. ಐದು ದಿನದಲ್ಲಿ ಎಲ್ಲರದ್ದೂ ಒಮ್ಮೆ ಆಗುತ್ತದೆ. ಸುಮ್ನೆ ಕೆಂಪು ಗೀಟು ಎಳೆದು ಸಹಿ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಅದರ ಹೆಸರಿನಲ್ಲಿ ಅಂಗಡಿಯಿಂದ ಚಾರ್ಟು ಕೊಂಡು ತರಿಸುವುದು ಬೇಡ. ಪಾಲಕರ ದುಡ್ಡು ದಂಡ, ಮಗುವಿಗೆ ಕಲಿಕೆಯೂ ಇಲ್ಲ.

ಹಾಗಾದರೆ ಮನೆಯವರ ಪಾಲು ಏನು? ಸಮಯ, ಬೆಳಕು, ಕೂರಲು ಒಂದು ಜಾಗ. ಹೇಳಲು ಸುಲಭ, ನಮ್ಮ ಭಾಗದಲ್ಲಿ ಇದೇ ಕಷ್ಟ. ಶಾಲೆ ಶುರುವಾದ ಮೊದಲ ವಾರ ನಾನು ಮಕ್ಕಳಿಂದ ಅವರ ಸಂಜೆಯ ಬಗ್ಗೆ ಬರೆಸುತ್ತೇನೆ: ಶಾಲೆ ಬಿಟ್ಟ ಮೇಲೆ ಮಲಗುವವರೆಗೆ ಏನೇನು ಮಾಡುತ್ತೀರಿ? ಎಮ್ಮೆಗೆ ಮೇವು ಹಾಕುವವರಿದ್ದಾರೆ. ನೇಕಾರರ ಮನೆಯವರು ಕಂಡಿಕೆ, ಅಂದರೆ ನೇಯ್ಗೆಯ ನೂಲಿನ ಉರುಳೆ, ಸುತ್ತುತ್ತಾರೆ. ಹೆಣ್ಣುಮಕ್ಕಳ ಹಾಳೆ ಓದಿದಾಗ ಮನಸ್ಸಿಗೆ ಕಷ್ಟವಾಗುತ್ತದೆ. ನೀರು, ಪಾತ್ರೆ, ರೊಟ್ಟಿ, ತಮ್ಮನನ್ನು ಆಡಿಸುವುದು. ಒಂದೇ ಮನೆಯಲ್ಲಿ ಅಣ್ಣ ಟ್ಯೂಷನ್‌ಗೆ ಹೋಗಿರುತ್ತಾನೆ, ಒಂಬತ್ತನೇ ತರಗತಿಯ ತಂಗಿ ಒಲೆ ಮುಂದೆ ಇರುತ್ತಾಳೆ. ಮರುದಿನ ಇಬ್ಬರಿಗೂ ಒಂದೇ ಹೋಂವರ್ಕ್, ಒಂದೇ ಬೈಗುಳ. ಇದು ಅನ್ಯಾಯ ಅಲ್ವಾ?

ಮನೆಗೆಲಸ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಅಣ್ಣನೂ ಪಾತ್ರೆ ತೊಳೆಯಲಿ. ಏಳರಿಂದ ಎಂಟೂವರೆ ಇಬ್ಬರದ್ದೂ ಓದುವ ಹೊತ್ತು ಎಂದು ಅಪ್ಪ ಅಮ್ಮ ನಿರ್ಧರಿಸಲಿ, ಆಗ ಟಿವಿ ಬಂದ್ ಇರಲಿ, ಯಾರೂ ಕೆಲಸಕ್ಕೆ ಕರೆಯದಿರಲಿ. ಮಲಗುವ ಮೊದಲು ಒಂದು ಮಾತು ಕೇಳಲಿ: "ಇವತ್ತ ಯಾವ್ದ ಬರಲಿಲ್ಲ?" ಇದಕ್ಕೆ ಓದು ಬೇಕಾಗಿಲ್ಲ. ಬರದಿದ್ದನ್ನು ಹೇಳಿದರೆ ಮನೆಯಲ್ಲಿ ಬೈಯುವುದಿಲ್ಲ ಎಂದು ಗೊತ್ತಾದ ಮಗು ಶಾಲೆಯಲ್ಲೂ ಕೈ ಎತ್ತುತ್ತದೆ.

ಕಬ್ಬು ಕಡಿಯುವ ಸುಗ್ಗಿ, ಮನೆಯಲ್ಲಿ ಬಾಣಂತನ, ಮದುವೆ, ಹೀಗೆ ಏನಾದರೂ ಇದ್ದರೆ ಮೊದಲೇ ಕ್ಲಾಸ್ ಟೀಚರಿಗೆ ತಿಳಿಸಿ. ಹದಿನೈದು ದಿನ ಹೋಂವರ್ಕ್ ಅರ್ಧ ಮಾಡಿಕೊಡಬಹುದು. ಹೇಳದಿದ್ದರೆ ನಮಗೆ ಕಾಣುವುದು ಖಾಲಿ ಹಾಳೆ ಮಾತ್ರ.

ಖಾಲಿ ಹಾಳೆ ತಂದ ಮಗುವನ್ನು ಹೊರಗೆ ನಿಲ್ಲಿಸಿದರೆ ಆ ದಿನದ ಪಾಠವೂ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೂರು ದಿನ ಸತತವಾಗಿ ಮಾಡದಿದ್ದರೆ ನಾನು ಮಗುವನ್ನು ಒಬ್ಬಳನ್ನೇ ಅಥವಾ ಒಬ್ಬನನ್ನೇ ಕೂರಿಸಿಕೊಂಡು ಕೇಳುತ್ತೇನೆ. ಎಷ್ಟೋ ಸಲ ಕಾರಣ ಸೋಮಾರಿತನ ಆಗಿರುವುದಿಲ್ಲ. ಭಿನ್ನರಾಶಿ ಕೂಡಿಸಲು ಬರದ ಮಗುವಿಗೆ ಒಂಬತ್ತನೇ ತರಗತಿಯ ಲೆಕ್ಕ ಎಷ್ಟು ಹೊತ್ತು ಕೂತರೂ ಬರುವುದಿಲ್ಲ. ಅಂಥವರಿಗೆ ಬೇರೆ ಹೋಂವರ್ಕ್ ಕೊಡುತ್ತೇನೆ, ಆರನೇ ತರಗತಿಯ ಪುಸ್ತಕದಿಂದ, ದಿನಕ್ಕೆ ಮೂರೇ ಲೆಕ್ಕ. ಮರುದಿನ ಪ್ರಾರ್ಥನೆಗೆ ಮೊದಲು ಅದನ್ನು ಅವರ ಜೊತೆ ಕೂತು ನೋಡುತ್ತೇನೆ.