ಇಸಿಜಿಯಲ್ಲಿ ಕಾಣದ ಎದೆಭಾರ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವುಗಳು ವರದಿಯಾದಾಗ, ಇಸಿಜಿ ಮಾಡಿಸಲು ಜನ ಹಾಸನದ ಆಸ್ಪತ್ರೆಗಳಿಗೂ ಮೈಸೂರಿನ ಜಯದೇವಕ್ಕೂ ಗುಂಪುಗುಂಪಾಗಿ ಹೋದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಆಗಿಲ್ಲವೆಂದು ಹೇಳಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂಥ ಪರಿಚಿತ ಕಾರಣಗಳನ್ನೇ ಎತ್ತಿ ತೋರಿಸಿತು. ಆ ಸಾವುಗಳಿಗೆ ಖಿನ್ನತೆ ಕಾರಣವೆನ್ನಲು ಯಾವ ಆಧಾರವೂ ಇಲ್ಲ. ಆದರೆ ಇಸಿಜಿ ನಾರ್ಮಲ್ ಎನಿಸಿಕೊಂಡು ಸಕಲೇಶಪುರಕ್ಕೋ ಅರಕಲಗೂಡಿಗೋ ಮರಳಿದ ಮೇಲೂ ಎದೆ ಭಾರ, ಸುಸ್ತು, ನಿದ್ದೆ ಇಲ್ಲ ಎನ್ನುವವರ ವಿಷಯದಲ್ಲಿ ಪರೀಕ್ಷೆ ಅಲ್ಲಿಗೇ ನಿಲ್ಲಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಖಿನ್ನತೆ ಬಹಳ ಸಲ ದುಃಖದ ಮಾತಾಗಿ ವೈದ್ಯರ ಮುಂದೆ ಬರುವುದಿಲ್ಲ. ಮೈಕೈ ನೋವು, ತಲೆಭಾರ, ಊಟ ಸೇರದಿರುವುದು, ಗ್ಯಾಸ್ಟ್ರಿಕ್, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು: ರೋಗಿ ಹೇಳುವುದು ಇವನ್ನೇ. ಇವು ನೆಪಗಳಲ್ಲ, ಆ ನೋವು ನಿಜವಾದ ನೋವು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರುವುದಿಲ್ಲ.

ಹೃದಯಕ್ಕೂ ಖಿನ್ನತೆಗೂ ಇರುವ ನಂಟಿನತ್ತ ಸಂಶೋಧಕರ ಗಮನ ಸೆಳೆದ ಅಧ್ಯಯನಗಳಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಹೃದಯಾಘಾತದಿಂದ ಬದುಕುಳಿದ 222 ರೋಗಿಗಳನ್ನು ಅವರು ಗಮನಿಸಿದರು. ಖಿನ್ನತೆಯಿದ್ದವರು ಮುಂದಿನ ಆರು ತಿಂಗಳಲ್ಲಿ ಸಾಯುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತಜ್ಞರ ಸಮಿತಿ, ಹೃದಯಾಘಾತವಾದವರ ಮಟ್ಟಿಗೆ ಖಿನ್ನತೆಯನ್ನೂ ಅಪಾಯಕಾರಿ ಅಂಶವೆಂದು ಪರಿಗಣಿಸಬೇಕೆಂದು ಶಿಫಾರಸು ಮಾಡಿತು.

ಖಿನ್ನತೆ ಹೃದಯವನ್ನು ತಟ್ಟುವ ದಾರಿ ಒಂದೇ ಅಲ್ಲ. ಒತ್ತಡ ಬಹುಕಾಲ ಉಳಿದಾಗ ಮಿದುಳಿನ ಹೈಪೋಥಲಾಮಸ್, ಅದರ ಕೆಳಗಿನ ಪಿಟ್ಯುಟರಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸರಪಳಿ ಹತೋಟಿ ತಪ್ಪಿ, ಖಿನ್ನತೆಯಿರುವ ಅನೇಕರ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾಗಿಯೇ ಇರುತ್ತದೆ. ಇದರಿಂದ ಸಕ್ಕರೆಯ ಅಂಶವೂ ರಕ್ತದೊತ್ತಡವೂ ಏರಬಹುದು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುವುದೂ ಕಂಡುಬಂದಿದೆ. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಮನಸ್ಸು ಕುಗ್ಗಿದವರು ಮಾತ್ರೆ ಮರೆಯುತ್ತಾರೆ, ನಡಿಗೆ ಬಿಡುತ್ತಾರೆ, ಬೀಡಿಯನ್ನೋ ಕುಡಿತವನ್ನೋ ಹಚ್ಚಿಕೊಳ್ಳುತ್ತಾರೆ.

ದೇಹದಿಂದ ಮನಸ್ಸಿನತ್ತ ಸಾಗುವ ದಾರಿಯೂ ಇದೆ, ಮತ್ತು ಅದರ ಪುರಾವೆ ಬೆರಗು ಹುಟ್ಟಿಸುವಂಥದ್ದು. ಹೆಪಟೈಟಿಸ್ ಸಿ ಸೋಂಕಿಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್, ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಔಷಧ. ಅದನ್ನು ಪಡೆದವರಲ್ಲಿ ಗಣನೀಯ ಸಂಖ್ಯೆಯ ಜನರಿಗೆ ಕೆಲವೇ ವಾರಗಳಲ್ಲಿ ಖಿನ್ನತೆ ಬಂತು. ಅವರ ಸಂಸಾರದಲ್ಲಿ ಹೊಸ ದುಃಖವೇನೂ ಸಂಭವಿಸಬೇಕಾಗಿರಲಿಲ್ಲ. ಆ ವ್ಯವಸ್ಥೆ ಕೆರಳಿದಾಗ ಹೊಮ್ಮುವ ಉರಿಯೂತದ ರಾಸಾಯನಿಕಗಳೇ ಮನಸ್ಸನ್ನು ಕುಗ್ಗಿಸಬಲ್ಲವು. ಸಕ್ಕರೆ ಕಾಯಿಲೆಯಲ್ಲೂ ನಂಟು ಎರಡೂ ಕಡೆಯದು: ಆ ಕಾಯಿಲೆ ಇರುವವರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು, ಖಿನ್ನತೆ ಇರುವವರಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚು.

ಹಾಗೆಂದು ಎಲ್ಲ ಸುಸ್ತನ್ನೂ ಮನಸ್ಸಿನ ತಲೆಗೆ ಕಟ್ಟುವುದು ಅಪಾಯ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳು ಖಿನ್ನತೆಯಂತೆಯೇ ತೋರಬಲ್ಲವು; ರಕ್ತಪರೀಕ್ಷೆ ಮೊದಲು ಆಗಲಿ. ಅದರ ಜೊತೆಯಲ್ಲೇ, ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತಿದೆಯೇ, ಮೊದಲು ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ವೈದ್ಯರಿಗೆ ಒಂದು ನಿಮಿಷ ಸಾಕು.

ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಹೃದಯದ ಸಾವುಗಳು ಖಂಡಿತ ಕಡಿಮೆಯಾಗುತ್ತವೆಂದು ಇನ್ನೂ ಸಾಬೀತಾಗಿಲ್ಲ. 2003ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್ ಪ್ರಯೋಗವೊಂದರಲ್ಲಿ ರೋಗಿಗಳ ಮನಸ್ಸು ಚೇತರಿಸಿಕೊಂಡಿತೇ ಹೊರತು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಚೇತರಿಕೆಯೊಂದೇ ಚಿಕಿತ್ಸೆಗೆ ಸಾಕಷ್ಟು ಕಾರಣ. ಹೃದಯ ರೋಗಿಗಳೂ ಸುರಕ್ಷಿತವಾಗಿ ಬಳಸಬಹುದಾದ ಸರ್ಟ್ರಲಿನ್‌ನಂಥ ಮಾತ್ರೆಗಳಿವೆ. ಅವುಗಳ ಫಲ ಕಾಣಲು ಕೆಲವು ವಾರಗಳು ಬೇಕು, ಮತ್ತು ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ಆಪ್ತಸಮಾಲೋಚನೆ ಮತ್ತು ನಿಯಮಿತ ವ್ಯಾಯಾಮವೂ ಉಪಯುಕ್ತ. ಬದುಕೇ ಬೇಡವೆಂಬ ಯೋಚನೆ ಬಂದಿದ್ದರೆ ಮನೆಯವರೊಬ್ಬರಿಗೆ ಕೂಡಲೇ ತಿಳಿಸಿ, ಆಸ್ಪತ್ರೆಗೆ ಹೋಗಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಹಗಲಿರುಳೂ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.